ಲ್ಯೂಡರಿಟ್ಸ್‌ಗೆ ಹೋದರೆ ಮೊದಲು ಶಾರ್ಕ್ ಐಲೆಂಡಿಗೆ ಹೋಗಿ

ಆಫ್ರಿಕಾದ ಭೂಪಟವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಕೆಳತುದಿಯಲ್ಲಿ ಕೇಪ್ ಟೌನ್ ಇದೆ. ಅಲ್ಲಿಂದ ಎಡಬದಿಯ ಕಡಲಂಚು ಹಿಡಿದು ಮೇಲಕ್ಕೆ ಬಂದರೆ ಆರೆಂಜ್ ನದಿಯ ಅಳಿವೆ ಸಿಗುತ್ತದೆ. ಅದನ್ನು ದಾಟಿದರೆ ನಮೀಬಿಯಾ. ಅಳಿವೆಯ ಬಳಿ ಒಂದು ಗಣಿ ಊರು ಬಿಟ್ಟರೆ ಕಡಲಂಚಿನಲ್ಲಿ ಮುಂದೆ ಸಿಗುವ ಊರು ಲ್ಯೂಡರಿಟ್ಸ್. ಅದಾದ ಮೇಲೆ ಉತ್ತರಕ್ಕೆ ವಾಲ್ವಿಸ್ ಬೇ ಬರುವವರೆಗೆ ನಾನೂರು ಕಿಲೋಮೀಟರ್ ಬರೀ ಮರಳು ಮತ್ತು ಅಲೆ. ಕಡಲಂಚಿನಲ್ಲಿ ರಸ್ತೆಯೇ ಇಲ್ಲ.

ಇವತ್ತು ಆ ಊರಿನ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ನನ್ನ ತಂಗಿಯ ಸಂಸಾರ ವಿಂಡ್‌ಹುಕ್‌ನಲ್ಲಿ ಇರುವುದರಿಂದ ಅಲ್ಲಿಗೆ ಹೋಗುವ ಅವಕಾಶ ಸಿಕ್ಕಿತು. ಆದರೆ ನನ್ನ ಪ್ರವಾಸದ ಕಥೆ ಮುಖ್ಯವಲ್ಲ. ಮರುಭೂಮಿಯ ನಡುವಿನ ಒಂದು ಕಡಲೂರನ್ನು ಹೇಗೆ ನೋಡಬೇಕು, ಏನನ್ನು ಮೊದಲು ನೋಡಬೇಕು ಅನ್ನುವುದನ್ನು ನಿಮ್ಮ ಮುಂದೆ ಇಡಬೇಕು ಅನಿಸಿದೆ.

ಮೊದಲು ದಾರಿ. ನಮೀಬಿಯಾ ಅಂದರೆ ನಾಲ್ಕು ಕರ್ನಾಟಕ ಹಿಡಿಸುವಷ್ಟು ನೆಲ. ಜನ ಮಾತ್ರ ಸುಮಾರು 30 ಲಕ್ಷ. ರಾಜಧಾನಿ ವಿಂಡ್‌ಹುಕ್‌ನಿಂದ ಲ್ಯೂಡರಿಟ್ಸ್‌ಗೆ ಡಾಂಬರು ರಸ್ತೆಯಲ್ಲೇ ಹೋದರೆ ಎಂಟುನೂರು ಕಿಲೋಮೀಟರಿಗೂ ಜಾಸ್ತಿ. ಕೀಟ್‌ಮನ್ಸ್‌ಹೂಪ್‌ನವರೆಗೆ ದಕ್ಷಿಣಕ್ಕೆ ಇಳಿದು, ಅಲ್ಲಿ ಪಡುವಣಕ್ಕೆ ತಿರುಗಬೇಕು. ನಮ್ಮ ಹಾಗೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುವ ದೇಶ ಅದು, ಹಾಗಾಗಿ ಓಡಿಸುವುದು ಕಷ್ಟವಲ್ಲ. ಕಡಲಿಗೆ 125 ಕಿಲೋಮೀಟರ್ ಇರುವಾಗ ಔಸ್ ಅಂತ ಒಂದು ಹಳ್ಳಿ ಬರುತ್ತದೆ. ಸುಮಾರು 1400 ಮೀಟರ್ ಎತ್ತರದ ಜಾಗ. ಚಳಿಗಾಲದಲ್ಲಿ ಅಪರೂಪಕ್ಕೆ ಹಿಮವೂ ಬೀಳುತ್ತದೆ. ಅಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಲೇಬೇಕು. ಯಾಕೆಂದರೆ ಆಮೇಲೆ ಕಡಲು ಬರುವವರೆಗೆ ಏನೂ ಇಲ್ಲ.

ಏನೂ ಇಲ್ಲ ಅಂದೆ. ಎಲ್ಲರೂ ಹಾಗೆಯೇ ಹೇಳುತ್ತಾರೆ. ಆ ಮಾತು ತಪ್ಪು ಅನ್ನುವುದೇ ಇವತ್ತಿನ ನನ್ನ ಮಾತು.

ಔಸ್ ದಾಟಿ ಇಳಿಯುತ್ತಿದ್ದ ಹಾಗೆ ಗರೂಬ್ ಅನ್ನುವ ಜಾಗ. ಅಲ್ಲಿ ಒಂದು ನೀರಿನ ತೊಟ್ಟಿ, ಅದರ ಸುತ್ತ ಕುದುರೆಗಳು. ಮರುಭೂಮಿಯ ಬಯಲಲ್ಲೇ ಬದುಕುವ ಕಾಡುಕುದುರೆಗಳು. ಜರ್ಮನ್ ಸೈನ್ಯದ ಕುದುರೆಗಳು, 1915ರಲ್ಲಿ ಬಂದ ದಕ್ಷಿಣ ಆಫ್ರಿಕಾ ಸೈನ್ಯದ ಕುದುರೆಗಳು, ಇವೆಲ್ಲದರ ಸಂತತಿ ಎನ್ನುತ್ತಾರೆ. ಉಗಿಬಂಡಿಗಳ ರೈಲಿಗೆ ನೀರು ಕೊಡಲು ಕೊರೆದ ಕೊಳವೆಬಾವಿಯೇ ಅವುಗಳನ್ನು ಉಳಿಸಿತು. ರೈಲಿಗೆ ನೀರು ಬೇಡವಾದ ಮೇಲೂ ಕುದುರೆಗಳಿಗಾಗಿ ಆ ನೀರನ್ನು ಉಳಿಸಿಕೊಂಡಿದ್ದಾರೆ. ಆ ರೈಲಿನ ವಿಷಯಕ್ಕೆ ಮತ್ತೆ ಬರುತ್ತೇನೆ. ನೆನಪಿಟ್ಟುಕೊಳ್ಳಿ.

ಕಡಲು ಹತ್ತಿರ ಬಂದ ಹಾಗೆ ಗಾಳಿ ಏಳುತ್ತದೆ. ಮರಳು ರಸ್ತೆಯ ಮೇಲೆ ಹಾವಿನ ಹಾಗೆ ಹರಿಯುತ್ತದೆ. ಕೆಲವು ಕಡೆ ದಿಬ್ಬವೇ ರಸ್ತೆಯನ್ನು ದಾಟುತ್ತಿರುತ್ತದೆ. ಅದನ್ನು ಯಂತ್ರ ಇಟ್ಟು ತಳ್ಳುತ್ತಲೇ ಇರುತ್ತಾರೆ. ಕತ್ತಲಾದ ಮೇಲೆ ಈ ದಾರಿಯಲ್ಲಿ ಹೋಗಲೇಬೇಡಿ.

ಈಗ ನೀವು ಕೇಳಬಹುದು, ಕಡಲ ಪಕ್ಕದಲ್ಲೇ ಮರುಭೂಮಿ ಹೇಗೆ? ಮಂಗಳೂರಿನಲ್ಲಿ ಕೂತು ಕೇಳುವವರಿಗೆ ಈ ಪ್ರಶ್ನೆ ಬರಲೇಬೇಕು. ನಮ್ಮಲ್ಲಿ ಪಡುಗಡಲೇ ಮಳೆ ಕೊಡುವುದು. ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ ನೋಡುವವರು ನಾವು. ಲ್ಯೂಡರಿಟ್ಸ್‌ನಲ್ಲೂ ಕಡಲು ಇರುವುದು ಪಡುವಣದಲ್ಲೇ. ಆದರೆ ಅಲ್ಲಿ ವರ್ಷಕ್ಕೆ 20 ಮಿಲಿಮೀಟರ್ ಕೂಡ ಬೀಳುವುದಿಲ್ಲ. ನಮ್ಮ ಜುಲೈ ತಿಂಗಳ ಒಂದು ಜೋರು ಮಳೆ ಒಂದೇ ಗಂಟೆಯಲ್ಲಿ ಸುರಿಯುವಷ್ಟು ನೀರು, ಅವರಿಗೆ ಇಡೀ ವರ್ಷಕ್ಕೆ.

ಕಾರಣ ನೀರಿನ ತಣ್ಣಗಿನ ಗುಣದಲ್ಲಿದೆ. ನಮ್ಮ ಕಡಲು ಬೆಚ್ಚಗಿದೆ. ಅದರ ಮೇಲಿನ ಗಾಳಿ ಬೆಚ್ಚಗಾಗಿ, ನೀರಾವಿ ಹೊತ್ತು, ಮೇಲೇಳುತ್ತದೆ. ಘಟ್ಟಕ್ಕೆ ಬಡಿದು ಇನ್ನೂ ಮೇಲೇರಿ ಮಳೆಯಾಗುತ್ತದೆ. ಅಲ್ಲಿ ಬೆಂಗೆಲಾ ಅನ್ನುವ ತಣ್ಣನೆಯ ಪ್ರವಾಹ ದಕ್ಷಿಣದಿಂದ ಬರುತ್ತದೆ. ಜೊತೆಗೆ ದಕ್ಷಿಣದ ಗಾಳಿ ಕಡಲಂಚಿನ ಉದ್ದಕ್ಕೂ ಬೀಸಿ ಮೇಲಿನ ನೀರನ್ನು ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ಇಡೀ ಬೆಂಗೆಲಾ ಕರಾವಳಿಯಲ್ಲಿ ಈ ಕ್ರಿಯೆ ಅತಿ ಜೋರಾಗಿ ನಡೆಯುವುದು ಲ್ಯೂಡರಿಟ್ಸ್ ಎದುರಲ್ಲೇ. ತಣ್ಣೀರಿನ ಮೇಲಿನ ಗಾಳಿ ತಣ್ಣಗಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಬಿಸಿಗಾಳಿಯ ಪದರ ಮುಚ್ಚಳದಂತೆ ನಿಲ್ಲುತ್ತದೆ. ಕೆಳಗಿನ ತೇವ ಮೇಲೇಳಲು ದಾರಿಯಿಲ್ಲ. ಹಾಗಾಗಿ ಮಳೆಯಿಲ್ಲ, ಮಂಜು ಮಾತ್ರ. ಬೆಳಗ್ಗೆ ಎದ್ದರೆ ಬಂದರಿನ ದೋಣಿಗಳು ಕಾಣುವುದಿಲ್ಲ. ಆ ಮಂಜಿನ ಹನಿಯನ್ನೇ ನಂಬಿ ಅಲ್ಲಿನ ಕಲ್ಲುಹೂವು, ಹುಳುಹುಪ್ಪಟೆ, ಪುಟ್ಟ ಗಿಡಗಳು ಬದುಕುತ್ತವೆ.

ಇಲ್ಲಿ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಆಳದ ನೀರು ಮೇಲೆ ಬರುವುದು ನಮ್ಮಲ್ಲೂ ಇದೆ. ಮಳೆಗಾಲದಲ್ಲಿ ಮಂಗಳೂರು, ಮಲ್ಪೆಯ ಎದುರಿನ ಕಡಲಿನಲ್ಲಿ ಆಗುತ್ತದೆ. ಆ ನೀರಿನೊಂದಿಗೆ ಬರುವ ಪೋಷಕಾಂಶದಿಂದಲೇ ಬೂತಾಯಿ ಮೀನಿಗೆ ಮೇವು. ನಮ್ಮಲ್ಲಿ ಅದು ಕೆಲವೇ ತಿಂಗಳು, ಅಲ್ಲಿ ವರ್ಷಪೂರ್ತಿ. ಅದಕ್ಕೇ ಆ ಕಡಲು ಮೀನಿನ ಕಣಜವಾಗಿತ್ತು. ಬೂತಾಯಿಗೆ ಹತ್ತಿರದ ಜಾತಿಯ ಸಾರ್ಡೀನ್ ಮೀನನ್ನು 1968ರಲ್ಲಿ ಆ ಕರಾವಳಿಯಲ್ಲಿ ಸುಮಾರು 14 ಲಕ್ಷ ಟನ್ ಹಿಡಿದರು. ಮುಂದಿನ ಹತ್ತು ವರ್ಷದಲ್ಲಿ ಆ ಮೀನು ಕುಸಿದೇ ಹೋಯಿತು. ಇವತ್ತಿಗೂ ಮೊದಲಿನ ಮಟ್ಟಕ್ಕೆ ಬಂದಿಲ್ಲ. ಅದರ ಜಾಗವನ್ನು ಜೆಲ್ಲಿಫಿಶ್ ತುಂಬಿದೆ. ಬೂತಾಯಿ ಸಿಗದ ವರ್ಷ ನಮ್ಮ ದೋಣಿಯವರ ಮುಖ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಅಲ್ಲಿ ಆ ವರ್ಷ ಮುಗಿಯಲೇ ಇಲ್ಲ.

ಸರಿ, ಊರಿಗೆ ಬರೋಣ.

ಲ್ಯೂಡರಿಟ್ಸ್‌ನಲ್ಲಿ ಈಗ 15 ಸಾವಿರದ ಆಸುಪಾಸು ಜನ ಇದ್ದಾರೆ. ಬೋಳು ಬಂಡೆಗಳ ಮೇಲೆ ಹಳದಿ, ಗುಲಾಬಿ, ನೀಲಿ ಬಣ್ಣದ ಜರ್ಮನ್ ಮನೆಗಳು. ಗುಡ್ಡದ ಮೇಲೆ 1912ರಲ್ಲಿ ಮುಗಿದ ಕಲ್ಲಿನ ಚರ್ಚು. ಅದರ ಬಣ್ಣದ ಗಾಜಿನ ಕಿಟಕಿಗಳಲ್ಲಿ ಒಂದನ್ನು ಜರ್ಮನಿಯ ಚಕ್ರವರ್ತಿಯೇ ಕೊಟ್ಟದ್ದು. ನೋಡಲು ತುಂಬಾ ಚೆನ್ನಾಗಿದೆ. ಪ್ರವಾಸಿಗರು ಇದನ್ನೆಲ್ಲ ನೋಡುತ್ತಾರೆ, ಹತ್ತು ಕಿಲೋಮೀಟರ್ ಆಚೆಯ ಕೋಲ್ಮನ್‌ಸ್ಕೋಪ್ ಅನ್ನುವ ಪಾಳು ಊರಿಗೆ ಹೋಗುತ್ತಾರೆ, ಮರಳು ತುಂಬಿದ ಕೋಣೆಗಳ ಫೋಟೋ ತೆಗೆಯುತ್ತಾರೆ, ಮರುದಿನ ಹೊರಡುತ್ತಾರೆ. ನಿಮ್ಮಲ್ಲೂ ಕೆಲವರು ಆ ಫೋಟೋ ನೋಡಿರಬಹುದು. ಬಾಗಿಲು ಅರ್ಧ ತೆರೆದಿದೆ, ಮೊಣಕಾಲೆತ್ತರ ಮರಳು, ಗೋಡೆಯ ಮೇಲೆ ಮಾಸಿದ ನೀಲಿ ಬಣ್ಣ.

ನಾನು ಹೇಳುವುದು ಇಷ್ಟು. ಅಲ್ಲಿಗೂ ಹೋಗಿ. ಆದರೆ ಮೊದಲು ಶಾರ್ಕ್ ಐಲೆಂಡಿಗೆ ಹೋಗಿ.

ಊರಿನ ಬಂದರಿಗೆ ಅಂಟಿಕೊಂಡೇ ಇದೆ ಶಾರ್ಕ್ ಐಲೆಂಡ್. ಹಿಂದೆ ದ್ವೀಪವಾಗಿತ್ತು, ಆಮೇಲೆ ದಾರಿ ಕಟ್ಟಿ ನೆಲಕ್ಕೆ ಸೇರಿಸಿದರು. ಊರಿನ ನಡುವಿನಿಂದ ನಡೆದೇ ಹೋಗಬಹುದು. ಬರೀ ಬಂಡೆ. ಒಂದು ಗಿಡ ಇಲ್ಲ. ಮೂರು ಕಡೆಯಿಂದಲೂ ಗಾಳಿ. ನಾನು ಹೋದಾಗ ದಪ್ಪ ಜಾಕೆಟ್ ಹಾಕಿಕೊಂಡಿದ್ದೆ. ಆದರೂ ನಿಂತಲ್ಲಿ ನಿಲ್ಲಲು ಆಗಲಿಲ್ಲ.

ಅಲ್ಲಿ ಏನು ನಡೆಯಿತು ಅನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

1488ರಲ್ಲಿ ಪೋರ್ಚುಗಲ್‌ನ ಬಾರ್ತೊಲೊಮೆಯು ಡಿಯಾಸ್ ಆಫ್ರಿಕಾದ ತುದಿ ಸುತ್ತಿ ಮರಳುವಾಗ ಇಲ್ಲಿನ ಒಂದು ಬಂಡೆಯ ಮೇಲೆ ಕಲ್ಲಿನ ಶಿಲುಬೆ ನೆಟ್ಟ. ಈ ಕೊಲ್ಲಿಗೆ ಅಂಗ್ರಾ ಪೆಕೇನಾ ಅಂತ ಹೆಸರಾಯಿತು. ಹತ್ತು ವರ್ಷದ ಮೇಲೆ ಅದೇ ದಾರಿಯ ಮುಂದಿನ ಭಾಗ ಹಿಡಿದು ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದ. ಮರಳುವಾಗ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಲಂಗರು ಹಾಕಿದ. ಹಾಗೆ ನೋಡಿದರೆ ಆ ಬಂಡೆಯ ಶಿಲುಬೆ ನಮ್ಮ ಕರಾವಳಿಯ ಚರಿತ್ರೆಗೂ ಸೇರಿದ್ದೇ.

ಪೋರ್ಚುಗೀಸರು ಅಲ್ಲಿ ನಿಲ್ಲಲಿಲ್ಲ. ಆ ನೆಲ ನಾಮಾ ಜನರದ್ದು. ದನ, ಆಡು, ಕುರಿ ಸಾಕುವವರು. ಎಲ್ಲಿ ಊಟೆ ಇದೆ, ಯಾವ ತಿಂಗಳು ಎಲ್ಲಿ ಮೇವು ಸಿಗುತ್ತದೆ ಅಂತ ಬಲ್ಲವರು. ಅವರ ಪಾಲಿಗೆ ಅದು ಖಾಲಿ ಜಾಗ ಆಗಿರಲೇ ಇಲ್ಲ. 1883ರಲ್ಲಿ ಜರ್ಮನಿಯ ಬ್ರೆಮೆನ್ ಪಟ್ಟಣದ ತಂಬಾಕು ವ್ಯಾಪಾರಿ ಅಡಾಲ್ಫ್ ಲ್ಯೂಡರಿಟ್ಸ್ ತನ್ನ ಪ್ರತಿನಿಧಿಯನ್ನು ಕಳಿಸಿ, ಬೆಥನಿಯ ನಾಮಾ ಮುಖಂಡ ಜೋಸೆಫ್ ಫ್ರೆಡರಿಕ್ಸ್‌ನಿಂದ ಈ ಕೊಲ್ಲಿಯನ್ನು ಕೊಂಡ. ಬೆಲೆ ಸ್ವಲ್ಪ ಚಿನ್ನದ ನಾಣ್ಯ, ಕೆಲವು ನೂರು ಕೋವಿ. ಅದೇ ವರ್ಷ ಇನ್ನೊಂದು ಕರಾರು ಆಯಿತು. ಕಡಲಂಚಿನಿಂದ ಒಳಕ್ಕೆ 20 ಮೈಲಿ ಅಗಲದ ಪಟ್ಟಿ.

20 ಮೈಲಿ ಅಂದರೆ ಎಷ್ಟು? ಫ್ರೆಡರಿಕ್ಸ್‌ಗೆ ಗೊತ್ತಿದ್ದದ್ದು ಇಂಗ್ಲಿಷ್ ಮೈಲಿ. ಹಾಗಾದರೆ 32 ಕಿಲೋಮೀಟರ್. ಲ್ಯೂಡರಿಟ್ಸ್ ಲೆಕ್ಕ ಹಿಡಿದದ್ದು ಜರ್ಮನ್ ಮೈಲಿಯಲ್ಲಿ. ಒಂದು ಜರ್ಮನ್ ಮೈಲಿ ಸುಮಾರು ಏಳೂವರೆ ಕಿಲೋಮೀಟರ್. ಆಗ ಅದು ಹತ್ತಿರ ಹತ್ತಿರ 150 ಕಿಲೋಮೀಟರ್ ಆಗುತ್ತದೆ. ಬೆಥನಿಯ ನಾಮಾ ಜನರ ಬಹುಪಾಲು ನೆಲ ಅದರೊಳಗೆ ಸೇರಿಹೋಗುತ್ತದೆ. ಫ್ರೆಡರಿಕ್ಸ್ ಪ್ರತಿಭಟಿಸಿದ. ಯಾರೂ ಕೇಳಲಿಲ್ಲ. ಇದು ಗೊತ್ತಿಲ್ಲದೆ ಆದ ಗೊಂದಲ ಅಲ್ಲ, ತಿಳಿದೇ ಮಾಡಿದ ಮೋಸ. 1884ರಲ್ಲಿ ಜರ್ಮನಿ ಈ ನೆಲವನ್ನು ತನ್ನ ರಕ್ಷಣೆಗೆ ತೆಗೆದುಕೊಂಡಿತು. ಅದರ ಮೊದಲ ವಸಾಹತು ಇದೇ. ಲ್ಯೂಡರಿಟ್ಸ್ 1886ರಲ್ಲಿ ಆರೆಂಜ್ ನದಿಯ ಕಡೆಗೆ ಹೋದವನು ಚಿಕ್ಕ ದೋಣಿಯಲ್ಲಿ ಕಡಲಿಗಿಳಿದು ಕಾಣೆಯಾದ. ಊರಿಗೆ ಅವನ ಹೆಸರು ಉಳಿಯಿತು.

1904ರಲ್ಲಿ ಹೆರೆರೊ ಜನ ಜರ್ಮನ್ ಆಳ್ವಿಕೆಯ ವಿರುದ್ಧ ಎದ್ದರು. ಅದೇ ವರ್ಷ ನಾಮಾ ಜನರೂ ಎದ್ದರು. ಜರ್ಮನ್ ಸೇನಾಪತಿ ಫಾನ್ ಟ್ರೋತಾ ಹೆರೆರೊಗಳನ್ನು ನಿರ್ನಾಮ ಮಾಡುವ ಆಜ್ಞೆಯನ್ನೇ ಹೊರಡಿಸಿದ. ಎಷ್ಟೋ ಸಾವಿರ ಜನರನ್ನು ನೀರಿಲ್ಲದ ಮರುಭೂಮಿಗೆ ಅಟ್ಟಿ ಸಾಯಿಸಿದರು. ಉಳಿದವರನ್ನು ಹಿಡಿದು ಶಿಬಿರಗಳಿಗೆ ತಳ್ಳಿದರು. ಅವುಗಳಲ್ಲಿ ಅತ್ಯಂತ ಕ್ರೂರವಾದ ಶಿಬಿರ ಶಾರ್ಕ್ ಐಲೆಂಡಿನಲ್ಲಿತ್ತು. 1905ರಿಂದ 1907ರವರೆಗೆ ನಡೆಯಿತು. ಒಳನಾಡಿನ ಬೆಚ್ಚಗಿನ ಬಯಲಿನಿಂದ ಬಂದ ಜನ, ಹೆಂಗಸರು, ಮಕ್ಕಳು. ಹರಿದ ಬಟ್ಟೆ, ಚಿಂದಿಯ ಗುಡಾರ, ಅರೆಹೊಟ್ಟೆ. ಆ ಗಾಳಿಯಲ್ಲಿ, ಆ ತಣ್ಣೀರಿನ ಪಕ್ಕದಲ್ಲಿ. ನಾಮಾ ನಾಯಕ ಕಾರ್ನೆಲಿಯಸ್ ಫ್ರೆಡರಿಕ್ಸ್ 1907ರಲ್ಲಿ ಅಲ್ಲೇ ತೀರಿಹೋದ. ಸತ್ತವರ ತಲೆಬುರುಡೆಗಳನ್ನು ಜನಾಂಗ ಸಂಶೋಧನೆ ಅನ್ನುವ ಹೆಸರಿನಲ್ಲಿ ಜರ್ಮನಿಗೆ ಕಳಿಸಿದರು. ಅವುಗಳಲ್ಲಿ ಕೆಲವು ನಮೀಬಿಯಾಕ್ಕೆ ಮರಳಿದ್ದು 2011ರಿಂದ ಈಚೆಗೆ.

ರೈಲನ್ನು ನೆನಪಿಟ್ಟುಕೊಳ್ಳಿ ಅಂದಿದ್ದೆ. ಲ್ಯೂಡರಿಟ್ಸ್‌ನಿಂದ ಔಸ್ ಕಡೆಗೆ ಆ ಹಳಿ ಹಾಕಿದ್ದು ಈ ಕೈದಿಗಳು. ಅಲ್ಲಿ ದುಡಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಸತ್ತರು. ನಾವು ಕಾರಿನಲ್ಲಿ ಬಂದ ದಾರಿಯ ಪಕ್ಕದಲ್ಲೇ ಆ ಹಳಿ ಇದೆ.

ಈಗ ಶಾರ್ಕ್ ಐಲೆಂಡಿನಲ್ಲಿ ಏನಿದೆ? ಅಡಾಲ್ಫ್ ಲ್ಯೂಡರಿಟ್ಸ್‌ನ ಸ್ಮಾರಕ ಇದೆ. ಕಾರ್ನೆಲಿಯಸ್ ಫ್ರೆಡರಿಕ್ಸ್‌ನ ನೆನಪಿನ ಕಲ್ಲೂ ಇದೆ. ಎಷ್ಟೋ ವರ್ಷ ಅದು ಪ್ರವಾಸಿಗರು ಟೆಂಟ್ ಹಾಕುವ ಜಾಗವಾಗಿತ್ತು. ಜನ ಅಲ್ಲಿ ಬೆಂಕಿ ಹಾಕಿ ಅಡುಗೆ ಮಾಡಿಕೊಂಡು, ಸೂರ್ಯಾಸ್ತ ನೋಡಿ ಮಲಗುತ್ತಿದ್ದರು. ಅವರಲ್ಲಿ ಬಹಳ ಜನಕ್ಕೆ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲದವರನ್ನು ಬೈಯಲಾರೆ. ಆದರೆ ಒಂದು ಊರಿಗೆ ನೋಡಲು ಅಂತ ಹೋಗುವವರು ಇದನ್ನು ತಿಳಿದುಕೊಂಡು ಹೋಗಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಜರ್ಮನಿ ಇದನ್ನು ನರಮೇಧ ಅಂತ ಅಧಿಕೃತವಾಗಿ ಒಪ್ಪಿದ್ದು 2021ರಲ್ಲಿ. 30 ವರ್ಷಗಳಲ್ಲಿ 110 ಕೋಟಿ ಯೂರೋ ಕೊಡುವ ಮಾತಾಡಿತು. ನಮ್ಮನ್ನು ಕೂರಿಸಿ ಮಾತಾಡದೆ ಮಾಡಿಕೊಂಡ ಒಪ್ಪಂದ ಅಂತ ಹೆರೆರೊ, ನಾಮಾ ಮುಖಂಡರಲ್ಲಿ ಹಲವರು ಅದನ್ನು ತಿರಸ್ಕರಿಸಿದರು. 2025ರಿಂದ ನಮೀಬಿಯಾ ಮೇ 28ನ್ನು ನರಮೇಧದ ಸ್ಮರಣೆಯ ದಿನವಾಗಿ ಆಚರಿಸುತ್ತಿದೆ.

ಇದನ್ನು ತಿಳಿದ ಮೇಲೆ ಕೋಲ್ಮನ್‌ಸ್ಕೋಪ್‌ಗೆ ಹೋಗಿ. ಆಗ ಆ ಊರು ಬೇರೆಯೇ ಕಾಣುತ್ತದೆ.

ಶಿಬಿರ ಮುಚ್ಚಿದ ಮರುವರ್ಷ, 1908ರ ಏಪ್ರಿಲ್‌ನಲ್ಲಿ, ಅದೇ ರೈಲುಹಳಿಯ ಮೇಲಿನ ಮರಳು ಗುಡಿಸುತ್ತಿದ್ದ ಜಕರಾಯಸ್ ಲೆವಾಲಾ ಅನ್ನುವ ಕೂಲಿಯಾಳಿಗೆ ಹೊಳೆಯುವ ಒಂದು ಕಲ್ಲು ಸಿಕ್ಕಿತು. ಅವನು ಮೊದಲು ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರದ ಗಣಿಯಲ್ಲಿ ದುಡಿದವನು. ಅವನ ಕಣ್ಣಿಗೆ ತಕ್ಷಣ ಗುರುತು ಸಿಕ್ಕಿತು. ತನ್ನ ಮೇಲಿನವನಾದ ಆಗುಸ್ಟ್ ಸ್ಟೌಖ್‌ಗೆ ಕೊಟ್ಟ. ಸ್ಟೌಖ್ ಸುದ್ದಿ ಹೊರಬೀಳುವ ಮೊದಲೇ ಸುತ್ತಲಿನ ಜಾಗದ ಹಕ್ಕು ಪಡೆದುಕೊಂಡ, ದೊಡ್ಡ ಶ್ರೀಮಂತನಾದ. ಲೆವಾಲಾಗೆ ಏನೂ ಸಿಗಲಿಲ್ಲ. ಹಳೆಯ ಒಂದು ಫೋಟೋದಲ್ಲಿ ಅವನ ಮುಖ ಉಳಿದಿದೆ, ಅಷ್ಟೇ. ಸ್ಟೌಖ್ ಕೂಡ ಮುಂದೆ ಆರ್ಥಿಕ ಕುಸಿತದಲ್ಲಿ ಎಲ್ಲ ಕಳೆದುಕೊಂಡು 1947ರಲ್ಲಿ ಬಡವನಾಗಿ ಸತ್ತ.

ಮರಳಿನಲ್ಲಿ ವಜ್ರ ಎಲ್ಲಿಂದ ಬಂತು? ಈ ಪ್ರಶ್ನೆ ನನಗೆ ತುಂಬಾ ಇಷ್ಟ. ವಜ್ರ ಹುಟ್ಟಿದ್ದು ಅಲ್ಲಲ್ಲ. ದಕ್ಷಿಣ ಆಫ್ರಿಕಾದ ಒಳನಾಡಿನ ಆಳದ ಬಂಡೆಗಳಲ್ಲಿ. ಆ ಬಂಡೆ ಕೋಟಿಗಟ್ಟಲೆ ವರ್ಷ ಸವೆದಾಗ ವಜ್ರಗಳನ್ನು ಆರೆಂಜ್ ನದಿ ಕಡಲಿಗೆ ತಂದು ಹಾಕಿತು. ಅಲೆ ಅವನ್ನು ದಡದ ಉದ್ದಕ್ಕೂ ಉತ್ತರಕ್ಕೆ ತಳ್ಳಿತು. ಕೊನೆಗೆ ಗಾಳಿ ಮರಳನ್ನು ಹಾರಿಸಿ ವಜ್ರವನ್ನು ತಗ್ಗುಗಳಲ್ಲಿ ಬಿಟ್ಟುಹೋಯಿತು. ಇಷ್ಟು ದೂರದ ಉರುಳಾಟದಲ್ಲಿ ಬಿರುಕಿದ್ದ ಕಲ್ಲುಗಳೆಲ್ಲ ಪುಡಿಯಾದವು. ಗಟ್ಟಿ ಕಲ್ಲುಗಳು ಮಾತ್ರ ಉಳಿದವು. ಅದಕ್ಕೇ ನಮೀಬಿಯಾದ ವಜ್ರದಲ್ಲಿ ಹೆಚ್ಚಿನ ಪಾಲು ಒಡವೆಗೆ ಯೋಗ್ಯ. ನದಿಯಿಂದ ಉತ್ತರಕ್ಕೆ ಹೋದಷ್ಟೂ ಕಲ್ಲು ಸಣ್ಣದಾಗುತ್ತದೆ.

ಲ್ಯೂಡರಿಟ್ಸ್‌ನ ದಕ್ಷಿಣಕ್ಕೆ ಪೊಮೋನಾ ಅಂತ ಒಂದು ಜಾಗ ಇದೆ. ಅದರ ಪಕ್ಕದ ಕಣಿವೆಯೊಂದರಲ್ಲಿ ವಜ್ರ ನೆಲದ ಮೇಲೇ ಬಿದ್ದಿತ್ತು. ಅಗೆಯಬೇಕಿರಲಿಲ್ಲ. ಕೂಲಿಯಾಳುಗಳನ್ನು ಸಾಲಾಗಿ ಹೊಟ್ಟೆಯ ಮೇಲೆ ತೆವಳಿಸಿ ಆರಿಸುತ್ತಿದ್ದರು. ಬಾಯಿಗೆ ಬಟ್ಟೆ ಕಟ್ಟಿಸಿ, ನುಂಗಬಾರದು ಅಂತ.

ಆ ದುಡ್ಡಿನಲ್ಲಿ ಎದ್ದ ಊರು ಕೋಲ್ಮನ್‌ಸ್ಕೋಪ್. ಸುಮಾರು 300 ಜನ ದೊಡ್ಡವರು, 40 ಮಕ್ಕಳು, ಎಲ್ಲ ಜರ್ಮನರು. ಅವರಿಗಾಗಿ ನಾಟ್ಯಶಾಲೆ, ಬೌಲಿಂಗ್ ಆಟದ ಅಂಗಳ, ಉಪ್ಪುನೀರಿನ ಈಜುಕೊಳ, ಎಕ್ಸ್‌ರೇ ಯಂತ್ರ ಇದ್ದ ಆಸ್ಪತ್ರೆ. ಆ ಕಾಲಕ್ಕೆ ಆಫ್ರಿಕಾದಲ್ಲಿ ಎಕ್ಸ್‌ರೇ ಅಂದರೆ ದೊಡ್ಡ ಸಂಗತಿ. ಮೂಳೆ ನೋಡಲು ಮಾತ್ರವಲ್ಲ, ಕೂಲಿಯಾಳು ವಜ್ರ ನುಂಗಿದ್ದಾನಾ ಅಂತ ನೋಡಲೂ ಅದೇ. ಐಸ್ ಕಾರ್ಖಾನೆ ಇತ್ತು. ಪ್ರತಿ ಮನೆಗೂ ದಿನಾ ಒಂದು ತುಂಡು ಐಸ್ ಪುಕ್ಕಟೆ. ಕುಡಿಯುವ ನೀರು ಸುಮಾರು ಒಂಬೈನೂರು ಕಿಲೋಮೀಟರ್ ದೂರದ ಕೇಪ್ ಟೌನ್‌ನಿಂದ ಹಡಗಿನಲ್ಲಿ ಬರುತ್ತಿತ್ತು. ಇವರ ಜೊತೆ ಸುಮಾರು 800 ಓವಾಂಬೊ ಕಾರ್ಮಿಕರಿದ್ದರು. ಉತ್ತರದ ಹಳ್ಳಿಗಳಿಂದ ಕರಾರಿನ ಮೇಲೆ ಬಂದವರು. ಹೆಂಡತಿ ಮಕ್ಕಳನ್ನು ಕರೆತರುವ ಹಾಗಿಲ್ಲ. ಸಾಲು ಬ್ಯಾರಕ್‌ಗಳಲ್ಲಿ ವಾಸ.

ಗೈಡ್ ಜೊತೆ ಹೋದರೆ ಮ್ಯಾನೇಜರ್ ಮನೆ, ಅಕೌಂಟೆಂಟ್ ಮನೆ, ಟೀಚರ್ ಮನೆ ಎಲ್ಲ ತೋರಿಸುತ್ತಾರೆ. ಎಲ್ಲವೂ ಚೆಂದ ಫೋಟೋ ಬರುವ ಮನೆಗಳು. ಓವಾಂಬೊ ಕಾರ್ಮಿಕರು ಎಲ್ಲಿ ಮಲಗುತ್ತಿದ್ದರು ಅಂತ ನೀವೇ ಬಾಯಿಬಿಟ್ಟು ಕೇಳಿ. ನಮ್ಮ ಗುಂಪಿನ ಗೈಡ್ ಒಬ್ಬ ಯುವತಿ. ಕೇಳಿದ ಮೇಲೆ ಬಹಳ ಹೊತ್ತು ನಿಂತು ಹೇಳಿದಳು. ಕೇಳುವವರು ಇದ್ದರೆ ಹೇಳುವವರೂ ಇದ್ದಾರೆ.

1928ರಲ್ಲಿ ಆರೆಂಜ್ ಅಳಿವೆಯ ಬಳಿ ಇನ್ನೂ ದೊಡ್ಡ ವಜ್ರಗಳು ಸಿಕ್ಕವು. ಜನ ಆ ಕಡೆ ಹೊರಟರು. 1956ಕ್ಕೆ ಕೋಲ್ಮನ್‌ಸ್ಕೋಪ್ ಪೂರ್ತಿ ಖಾಲಿ. ಕಿಟಕಿ ಮುರಿದ ಮನೆಗೆ ಮರಳು ಬಂದು ಕೂತಿತು.

ಇಲ್ಲಿ ಇನ್ನೊಂದು ವಿಷಯ ಬರುತ್ತದೆ. ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳಲೇಬೇಕು. ವಜ್ರ ಸಿಕ್ಕ ವರ್ಷವೇ ಜರ್ಮನ್ ಸರ್ಕಾರ ಆರೆಂಜ್ ನದಿಯಿಂದ ಉತ್ತರಕ್ಕೆ, ಕಡಲಿಂದ ನೂರು ಕಿಲೋಮೀಟರ್ ಒಳಗಿನವರೆಗೆ ಇಡೀ ನೆಲವನ್ನು ನಿಷೇಧಿತ ಪ್ರದೇಶ ಮಾಡಿತು. ಸುಮಾರು 26 ಸಾವಿರ ಚದರ ಕಿಲೋಮೀಟರ್. ನೂರು ವರ್ಷ ಅಲ್ಲಿಗೆ ಪರವಾನಗಿ ಇಲ್ಲದೆ ಯಾರೂ ಕಾಲಿಡುವಂತಿರಲಿಲ್ಲ. ಗಣಿ ನಡೆದದ್ದು ಅದರ ಸಣ್ಣ ಭಾಗದಲ್ಲಿ. ಉಳಿದ ನೆಲವನ್ನು ಯಾರೂ ಮುಟ್ಟಲಿಲ್ಲ. 2008ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ನೋಡಿದರೆ ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳು! ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ, ಕಲ್ಲಿನ ಹಾಗೆಯೇ ಕಾಣುವ, ಚಳಿಗಾಲದ ನಾಲ್ಕು ಹನಿ ಮಳೆಗೆ ಹೂಬಿಡುವ ಗಿಡಗಳು. ಜೊತೆಗೆ ಕಂದು ಕತ್ತೆಕಿರುಬ. ರಾತ್ರಿ ಕಡಲದಡಕ್ಕೆ ಬಂದು ಸೀಲ್ ಮರಿಗಳನ್ನು ಹಿಡಿಯುತ್ತದೆ. ಕೋಲ್ಮನ್‌ಸ್ಕೋಪ್‌ನ ಪಾಳು ಮನೆಗಳಲ್ಲೂ ಅದರ ಹೆಜ್ಜೆ ಕಾಣುತ್ತದೆ. ಏನೂ ಇಲ್ಲ ಅಂತ ನಾವು ಹೇಳುವ ನೆಲ ಅದು.

2008ರಲ್ಲೇ ಇನ್ನೊಂದು ಸಂಗತಿ ನಡೆಯಿತು. ಆರೆಂಜ್ ಅಳಿವೆಯ ಬಳಿ ವಜ್ರಕ್ಕಾಗಿ ಕಡಲನ್ನು ಹಿಂದಕ್ಕೆ ತಡೆದು ತಳವನ್ನು ಅಗೆಯುತ್ತಿದ್ದಾಗ ಹಳೆಯ ಹಡಗೊಂದು ಸಿಕ್ಕಿತು. ಎರಡು ಸಾವಿರಕ್ಕೂ ಹೆಚ್ಚು ಚಿನ್ನದ ನಾಣ್ಯ, ಟನ್‌ಗಟ್ಟಲೆ ತಾಮ್ರದ ಗಟ್ಟಿ, ನೂರಕ್ಕೂ ಹೆಚ್ಚು ಆನೆದಂತ. 1533ರಲ್ಲಿ ಲಿಸ್ಬನ್ ಬಿಟ್ಟು ಕಾಣೆಯಾದ ಬೊಂ ಜೆಸುಸ್ ಅನ್ನುವ ಹಡಗು ಇದೇ ಇರಬೇಕು ಅಂತ ಸಂಶೋಧಕರು ಹೇಳುತ್ತಾರೆ. ಅದು ಹೊರಟಿದ್ದು ಎಲ್ಲಿಗೆ ಗೊತ್ತಾ? ನಮ್ಮ ಪಡುಗಡಲಿನ ದಡಕ್ಕೆ. ಆ ಕಾಲದಲ್ಲಿ ಪೋರ್ಚುಗೀಸರು ತಾಮ್ರ, ಚಿನ್ನ ತಂದು ಇಲ್ಲಿ ಕೊಳ್ಳುತ್ತಿದ್ದದ್ದು ಕಾಳುಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಅಂತ ಕರೆದದ್ದು ಮುಂದಿನ ತಲೆಮಾರಿನಲ್ಲಿ. ಮಲಬಾರಿನ ಮೆಣಸೋ ನಮ್ಮ ಘಟ್ಟದ ಮೆಣಸೋ, ಅದಕ್ಕೆ ಕೊಡಬೇಕಿದ್ದ ಬೆಲೆ ಹತ್ತಿರ ಹತ್ತಿರ ಐನೂರು ವರ್ಷ ಆ ಮರಳಿನಡಿ ಇತ್ತು. ವಜ್ರದ ಗಣಿಯ ಕಾವಲು ಇದ್ದದ್ದರಿಂದ ಯಾರೂ ದೋಚಲಿಲ್ಲ.

ಪೆಂಗ್ವಿನ್ ಬಗ್ಗೆ ಮಕ್ಕಳು ಕೇಳುತ್ತಾರೆ, ಹೇಳಿಬಿಡುತ್ತೇನೆ. ಆಫ್ರಿಕಾದಲ್ಲೂ ಪೆಂಗ್ವಿನ್ ಇದೆ. ಡಿಯಾಸ್ ಶಿಲುಬೆ ನೆಟ್ಟ ಬಂಡೆಯ ಹತ್ತಿರವೇ ಹ್ಯಾಲಿಫ್ಯಾಕ್ಸ್ ಅನ್ನುವ ಪುಟ್ಟ ದ್ವೀಪ. ದುರ್ಬೀನು ಇದ್ದರೆ ದಡದಿಂದಲೇ ಕಾಣುತ್ತವೆ. ಬೆಳಗ್ಗೆ ದೋಣಿಯಲ್ಲೂ ಕರೆದುಕೊಂಡು ಹೋಗುತ್ತಾರೆ. ಮೊದಲು ಅವು ಹಕ್ಕಿಹಿಕ್ಕೆಯ ದಪ್ಪ ಪದರದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತಿದ್ದವು. 1840ರ ದಶಕದಲ್ಲಿ ಯುರೋಪಿನ ಹೊಲಗಳಿಗೆ ಗೊಬ್ಬರ ಬೇಕು ಅಂತ ಆ ಹಿಕ್ಕೆಯನ್ನೆಲ್ಲ ಕೆರೆದು ಒಯ್ದರು. ಲ್ಯೂಡರಿಟ್ಸ್‌ನ ಉತ್ತರಕ್ಕಿರುವ ಇಚಾಬೋ ದ್ವೀಪದ ಸುತ್ತ ಒಂದೇ ಹೊತ್ತಿಗೆ ನೂರಾರು ಹಡಗು ನಿಂತಿದ್ದವಂತೆ. ಎರಡು ಮೂರು ವರ್ಷದಲ್ಲಿ ದ್ವೀಪ ಬೋಳಾಯಿತು. ಪೆಂಗ್ವಿನ್ ಬಿಸಿಲಿನಲ್ಲೇ ಮೊಟ್ಟೆ ಇಡಬೇಕಾಯಿತು. ಆಮೇಲೆ ಸಾರ್ಡೀನ್ ಹೋಯಿತು, ಅದರ ಊಟವೇ ಹೋಯಿತು. 2024ರಲ್ಲಿ ಈ ಪೆಂಗ್ವಿನ್ ಅಳಿವಿನ ಅಂಚಿನ ಕೊನೆಯ ಹಂತದಲ್ಲಿದೆ ಅಂತ ಘೋಷಿಸಿದರು. ಗೊಬ್ಬರ, ಮೀನು, ವಜ್ರ. ಮೂರು ಸಲವೂ ಹೊರಗಿನಿಂದ ಬಂದವರು ಇದು ಖಾಲಿ ಜಾಗ ಅಂತಲೇ ಬಂದರು.

ಈಗ ನಾಲ್ಕನೆಯದು ಬರುತ್ತಿದೆ. ಗಾಳಿ ಮತ್ತು ಬಿಸಿಲು. ಲ್ಯೂಡರಿಟ್ಸ್‌ನ ಗಾಳಿ ಎಂಥದ್ದು ಅಂದರೆ, 2015ರಲ್ಲಿ ಅಲ್ಲಿ ಹಾಯಿಹಲಗೆಯ ಮೇಲೆ ಆಂಟ್ವಾನ್ ಆಲ್ಬೋ ಅನ್ನುವವರು ಗಂಟೆಗೆ 98 ಕಿಲೋಮೀಟರ್ ಮೀರಿದ ವೇಗದಲ್ಲಿ ಹೋಗಿ ದಾಖಲೆ ಮಾಡಿದರು. ಆ ಗಾಳಿಯಿಂದ ಕರೆಂಟು ತೆಗೆದು, ಕಡಲ ನೀರಿನಿಂದ ಹೈಡ್ರೋಜನ್ ಮಾಡಿ, ಅಮೋನಿಯಾ ರೂಪದಲ್ಲಿ ಯುರೋಪಿಗೆ ಕಳಿಸುವ ದೊಡ್ಡ ಯೋಜನೆ ಇದೆ. ಹೈಫನ್ ಅನ್ನುವ ಕಂಪನಿಯನ್ನು ಸರ್ಕಾರ 2021ರಲ್ಲಿ ಆರಿಸಿತು. ಸುಮಾರು 4000 ಚದರ ಕಿಲೋಮೀಟರ್ ಜಾಗ, ಅದೂ ನಾನು ಹೇಳಿದ ರಾಷ್ಟ್ರೀಯ ಉದ್ಯಾನದ ಒಳಗೆ. ಇದರ ಜೊತೆ 2022ರಲ್ಲಿ ದಕ್ಷಿಣದ ಕಡಲಿನಲ್ಲಿ ಎಣ್ಣೆ ನಿಕ್ಷೇಪವೂ ಸಿಕ್ಕಿದೆ. ಬಂದರು ದೊಡ್ಡದು ಮಾಡಬೇಕು ಅನ್ನುತ್ತಾರೆ. ಬಂದರು ಬೆಳೆಯಬೇಕಾದದ್ದು ಶಾರ್ಕ್ ಐಲೆಂಡ್ ಕಡೆಗೆ. ಆ ನೀರಿನಲ್ಲಿ ನಮ್ಮ ಹಿರಿಯರ ಎಲುಬುಗಳಿವೆ ಅಂತ ನಾಮಾ, ಹೆರೆರೊ ಸಂಘಟನೆಗಳು ವಿರೋಧಿಸುತ್ತಿವೆ.

ಇದರಲ್ಲಿ ನನಗೆ ಸುಲಭದ ಉತ್ತರ ಇಲ್ಲ. ಊರಿನ ಹುಡುಗರಿಗೆ ಕೆಲಸ ಬೇಕು. ಮೀನಿನ ಕಾರ್ಖಾನೆಗಳು ಎಲ್ಲರನ್ನೂ ಸಾಕಲಾರವು. ಊರಿನ ಹಿಂಬದಿಯಲ್ಲಿ ತಗಡಿನ ಮನೆಗಳ ದೊಡ್ಡ ಬಡಾವಣೆ ಇದೆ, ಅಲ್ಲಿಗೆ ಬಣ್ಣದ ಜರ್ಮನ್ ಮನೆ ನೋಡಲು ಬಂದವರು ಹೋಗುವುದಿಲ್ಲ. ಕೆಲಸ ಬರಲಿ ಅಂತ ಆ ಮನೆಗಳವರು ಬಯಸಿದರೆ ತಪ್ಪು ಹೇಳಲು ನಾನ್ಯಾರು? ಆದರೆ ಬಂದರಿಗೆ ಕಲ್ಲು ಹಾಕುವ ಮೊದಲು ಆ ನೀರಿನ ತಳವನ್ನು ಹುಡುಕಬೇಕು, ಸತ್ತವರ ಮನೆಯವರನ್ನು ಕೂರಿಸಿ ಕೇಳಬೇಕು. ಇಷ್ಟಂತೂ ಆಗಲೇಬೇಕು. ಅವರು ಕೇಳುತ್ತಿರುವುದೂ ಇದನ್ನೇ.

ಹೋಗುವ ಮನಸ್ಸಿದ್ದವರಿಗೆ ಒಂದೆರಡು ಮಾತು. ಗಾಳಿ ಜೋರು ಇರುವುದು ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್‌ನಿಂದ ಆಗಸ್ಟ್ ಒಳಗೆ ಹೋದರೆ ಸ್ವಲ್ಪ ಸೌಮ್ಯ. ಮರುಭೂಮಿ ಅಂತ ತೆಳು ಬಟ್ಟೆ ಮಾತ್ರ ಒಯ್ಯಬೇಡಿ, ದಪ್ಪ ಜಾಕೆಟ್ ಬೇಕೇ ಬೇಕು. ಒಂದು ರಾತ್ರಿಗೆ ಅಂತ ಹೋಗಬೇಡಿ, ಮೂರು ರಾತ್ರಿಯಾದರೂ ಇರಿ. ಮಂಜಿನಿಂದ ದೋಣಿ ಹೊರಡದೆ ಒಂದು ದಿನ ಹೋಗುತ್ತದೆ. ಸಸ್ಯಾಹಾರಿಗಳು ಅಕ್ಕಿ, ಅವಲಕ್ಕಿ ಇಟ್ಟುಕೊಳ್ಳಿ, ಅಡುಗೆಮನೆ ಇರುವ ಕೋಣೆಗಳು ಬಾಡಿಗೆಗೆ ಸಿಗುತ್ತವೆ. ಕೋಲ್ಮನ್‌ಸ್ಕೋಪ್‌ಗೆ ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಮರಳು ಕಣ್ಣಿಗೆ ಹೊಡೆಯುತ್ತದೆ. ನಿಷೇಧಿತ ಪ್ರದೇಶದ ಒಳಗೆ ಹೋಗಲು ಪರವಾನಗಿ ಇರುವ ಗೈಡ್ ಮೂಲಕ ಮೊದಲೇ ಅರ್ಜಿ ಹಾಕಬೇಕು, ಪಾಸ್‌ಪೋರ್ಟ್ ವಿವರ ಕೇಳುತ್ತಾರೆ. ದಾರಿಯಲ್ಲಿ ಹೊಳೆಯುವ ಕಲ್ಲು ಕಂಡರೂ ಎತ್ತಬೇಡಿ, ಅಲ್ಲಿ ಅದು ಗಂಭೀರ ಅಪರಾಧ. ಶಾರ್ಕ್ ಐಲೆಂಡಿಗೆ ಮಾತ್ರ ಊರು ಮುಟ್ಟಿದ ದಿನವೇ ಹೋಗಿ. ಬಂದರಿನಿಂದ ನಡೆದು ಹದಿನೈದು ಇಪ್ಪತ್ತು ನಿಮಿಷದ ದಾರಿ.